ಅಜ್ಜಿಗೆ ಓದಿ ಹೇಳಿದ ಕಾದಂಬರಿಗಳು

ಕಾದಂಬರಿಯ ಬಗ್ಗೆ ಅಭಿಪ್ರಾಯ ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಯೋಗ್ಯತಾಪತ್ರ ಬೇಕಿಲ್ಲ. ನನ್ನ ಅತ್ತೆಯವರು ‘ಚೆನ್ನಾಗಿದೆ’ ಎಂದರೆ ಅದು ಜ್ಞಾನಪೀಠಕ್ಕಿಂತ ಒಂದು ಮೆಟ್ಟಿಲು ಮೇಲೆ. ‘ತುಂಬಾ ಎಳೆದಿದ್ದಾರೆ’ ಎಂದರೆ ಬರೆದವರು ಎಂಥ ದೊಡ್ಡವರೇ ಆಗಿರಲಿ, ಆ ಪುಸ್ತಕ ಬೀರುವಿನ ಕೆಳಗಿನ ಅರೆಗೆ ಹೋಗಬೇಕು. ಮಧ್ಯಾಹ್ನದ ಊಟ, ಎಲೆಯಡಿಕೆ, ವಾರಪತ್ರಿಕೆಯ ಧಾರಾವಾಹಿ, ಈ ಮೂರನ್ನೂ ಅದೇ ಕ್ರಮದಲ್ಲಿ ಐವತ್ತು ವರ್ಷಕ್ಕೂ ಮೇಲ್ಪಟ್ಟು ನಡೆಸಿಕೊಂಡು ಬಂದ ಹಿರಿಯ ಜೀವ ಅದು.

ಈ ಸಲದ ಬೇಸಿಗೆಯಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದೆವು. ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು, ತಲೆ ಬಗ್ಗಿಸಬಾರದು, ಹೊಸ ಕನ್ನಡಕ ಬರುವವರೆಗೆ ಓದು ಬೇಡ ಎಂದರು ಡಾಕ್ಟರು. ಮೊದಲ ಎರಡನ್ನು ಅತ್ತೆ ಒಪ್ಪಿಕೊಂಡರು. ಮೂರನೆಯದನ್ನು ಕೇಳಿ, ಆಪರೇಷನ್ನೇ ಬೇಡವಾಗಿತ್ತು ಎಂದು ಮುಖ ತಿರುಗಿಸಿ ಮಲಗಿದರು. ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರು ಕೆಲಸವಿಲ್ಲದೆ ಸೋಫಾದ ಮೇಲೆ ಬಿದ್ದುಕೊಂಡಿದ್ದರು ನೋಡಿ. ನಮ್ಮ ಮಗರಾಯ. ಸೆಕೆಂಡ್ ಪಿಯುಸಿ ಮುಗಿದು, ಸಿಇಟಿಯೂ ಮುಗಿದು, ಫಲಿತಾಂಶಕ್ಕೆ ಕಾಯುತ್ತಿದ್ದ. ಕಾಯುವುದು ಎಂದರೆ ಮೊಬೈಲನ್ನು ಹೆಬ್ಬೆರಳಿನಿಂದ ಉಜ್ಜುವುದು. ಅವನನ್ನೇ ಅಜ್ಜಿಯ ಓದುಗನನ್ನಾಗಿ ನೇಮಿಸಿದೆ. ಸಂಬಳ, ದಿನಕ್ಕೊಂದು ಐಸ್‌ಕ್ರೀಂ.

ಅವನು ಓದಿದ್ದು ಇಂಗ್ಲಿಷ್ ಮಾಧ್ಯಮ. ಕನ್ನಡವನ್ನು ಹತ್ತನೆಯ ತರಗತಿಯವರೆಗೆ ಅಂಕಗಳಿಗೆ ಬೇಕಾದಷ್ಟು ಮಾತ್ರ ಓದಿ ಕೈತೊಳೆದುಕೊಂಡವನು. ಪುಸ್ತಕಗಳಲ್ಲಿ ಅತಿ ತೆಳ್ಳಗಿರುವುದನ್ನು ಹುಡುಕಿ ‘ಕರ್ವಾಲೊ’ ಎತ್ತಿಕೊಂಡ. ಮೊದಲ ದಿನ ಒತ್ತಕ್ಷರ ಬಂದ ಕಡೆಯೆಲ್ಲ ಹಳ್ಳ ಕಂಡ ಎತ್ತಿನ ಹಾಗೆ ನಿಲ್ಲುತ್ತಿದ್ದ. ನಾಲ್ಕನೆಯ ದಿನಕ್ಕೆ ಓಟ ಬಂತು. ಆರನೆಯ ದಿನ ಅಜ್ಜಿ ನಿದ್ದೆ ಹೋದ ಮೇಲೂ ಒಬ್ಬನೇ ಮನಸ್ಸಿನಲ್ಲಿ ಓದುತ್ತಿದ್ದುದನ್ನು ಕಂಡು, ನಾನು ಸದ್ದು ಮಾಡದೆ ಅಡುಗೆಮನೆಗೆ ಬಂದೆ.

1980ರಲ್ಲಿ ಬಂದ ತೇಜಸ್ವಿಯವರ ಈ ಕಾದಂಬರಿಯ ಬಗ್ಗೆ ಹೊಸದಾಗಿ ಹೇಳುವುದೇನಿದೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಅದಕ್ಕೆ ಎರಡು ವಿಮರ್ಶೆ ಬಂದವು. ಅಜ್ಜಿಯದು ದೂರು. ಅಷ್ಟು ಜನ ಕಾಡೆಲ್ಲ ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಹೋಯಿತಲ್ಲ! (ಇನ್ನೂ ಓದದವರು ಕ್ಷಮಿಸಬೇಕು.) ‘ಇಷ್ಟು ದೂರ ನಡೆಸಿಕೊಂಡು ಹೋಗಿ ಹೀಗೆ ಮಾಡಬಾರದಿತ್ತು ಆಯಪ್ಪ’ ಎಂದರು. ಮೊಮ್ಮಗನಿಗೆ ಓತಿಗಿಂತ ಮಂದಣ್ಣ ಹಿಡಿಸಿದ. ಊರವರ ಲೆಕ್ಕದಲ್ಲಿ ಯಾವ ಕೆಲಸಕ್ಕೂ ಬಾರದ ಜೇನು ಹಿಡಿಯುವ ಹುಡುಗನನ್ನು ಅಷ್ಟು ದೊಡ್ಡ ವಿಜ್ಞಾನಿ ಸಮಸಮವಾಗಿ ಕಾಣುತ್ತಾರಲ್ಲ, ಅದು. ‘ಅಮ್ಮ, ಈ ಮಂದಣ್ಣ ಸಿಇಟಿ ಬರೆದಿದ್ದರೆ ಎಷ್ಟನೇ ರ‍್ಯಾಂಕು ಬರ್ತಿತ್ತು?’ ಎಂದು ಕೇಳಿದ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ ‘ಇದೆಲ್ಲ ಓದೋ ಹೊತ್ತಲ್ಲಿ ಒಂದು ಕಂಪ್ಯೂಟರ್ ಕೋರ್ಸಾದರೂ ಮುಗೀತಿತ್ತು’ ಎಂದರು. ಆದರೆ ಓದು ನಡೆಯುತ್ತಿದ್ದಾಗ ಮುಕ್ಕಾಲು ಗಂಟೆ ಆ ಪೇಪರಿನ ಒಂದು ಪುಟವೂ ತಿರುಗಿರಲಿಲ್ಲ ಎಂಬುದಕ್ಕೆ ನಾನು ಸಾಕ್ಷಿ.

ನಾನು ಆಗ ಓದುತ್ತಿದ್ದುದು ವಸುಧೇಂದ್ರರ ‘ತೇಜೋ ತುಂಗಭದ್ರಾ’. 2019ರಲ್ಲಿ ಬಂದದ್ದು. ಹೆಸರು ಕಿವಿಗೆ ಬಿದ್ದದ್ದೇ ತಡ ಅತ್ತೆ ಎದ್ದು ಕುಳಿತರು. ‘ಎಂ.ಕೆ. ಇಂದಿರಾ ಅವರದಲ್ಲವೇ? ನನ್ನ ಮದುವೆಯ ಹೊಸತರಲ್ಲಿ ಓದಿದ್ದು, ಅದನ್ನೇ ಓದಿಸು’ ಎಂದರು. ಇಂದಿರಾ ಅವರ ‘ತುಂಗಭದ್ರ’ 1963ರದು, ಮಲೆನಾಡಿನ ಮನೆಗಳ ಕಥೆ. ಇದೋ ಲಿಸ್ಬನ್ನಿನಲ್ಲಿ ಶುರುವಾಗಿ ಹಡಗು ಹತ್ತಿ ಗೋವೆಗೆ ಬಂದು ವಿಜಯನಗರದವರೆಗೆ ಹರಿಯುವ ಹೊಳೆ. ನನ್ನ ಮಟ್ಟಿಗೆ ಅದರ ಹಡಗಿನ ಪ್ರಯಾಣದ ಭಾಗ ಬಹಳ ಚೆನ್ನ. ಅನ್ನ ಉಕ್ಕಿದ್ದೂ ಗೊತ್ತಾಗಲಿಲ್ಲ. ಕ್ರೌರ್ಯದ ಪುಟಗಳನ್ನು ಮಾತ್ರ ಒಂದು ಕಣ್ಣು ಮುಚ್ಚಿ ಓದಿದೆ. ಊಟವಾದ ಮೇಲೆ ಎಪ್ಪತ್ತೆಂಟರ ಅಜ್ಜಿಗೆ ಗಟ್ಟಿಯಾಗಿ ಓದುವ ಪುಸ್ತಕ ಅದಲ್ಲ ಅನ್ನಿ.

ಮುಂದಿನ ಪುಸ್ತಕವನ್ನು ಅಜ್ಜಿಯೇ ಆರಿಸಿದರು. ತ್ರಿವೇಣಿಯವರ ‘ಶರಪಂಜರ’.

ತ್ರಿವೇಣಿ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ತೀರಿಕೊಂಡರು. ಅಷ್ಟರಲ್ಲಿ ಅವರು ಬರೆದಿಟ್ಟುಹೋದದ್ದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ‘ಶರಪಂಜರ’ ಎಂದ ಕೂಡಲೇ ನಮಗೆಲ್ಲ ಕಣ್ಣ ಮುಂದೆ ಬರುವುದು 1971ರ ಪುಟ್ಟಣ್ಣ ಕಣಗಾಲರ ಚಿತ್ರ, ಅದರ ಕಲ್ಪನಾ. ಸಿನಿಮಾದಲ್ಲಿ ಬಣ್ಣ ಹೆಚ್ಚು, ಅಬ್ಬರ ಹೆಚ್ಚು. ಪುಸ್ತಕ ಮೆತ್ತಗೆ ಮಾತಾಡುತ್ತದೆ, ಅದಕ್ಕೇ ಹೆಚ್ಚು ಹೆದರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ ಚಿಕಿತ್ಸೆ ಪಡೆದು ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರ, ನೆರೆಹೊರೆಯವರ ಕಣ್ಣಿನಲ್ಲಿ ಅವಳ ಕಾಯಿಲೆ ವಾಸಿಯಾಗುವುದೇ ಇಲ್ಲ. ನಕ್ಕರೂ ಅನುಮಾನ, ಸಿಟ್ಟು ಬಂದರೂ ಅನುಮಾನ.

ಮಗ ಆ ಪುಟಗಳಿಗೆ ಬಂದಾಗ ಓದು ನಿಲ್ಲಿಸಿದ. ‘ಡಾಕ್ಟರೇ ವಾಸಿಯಾಗಿದೆ ಅಂದಮೇಲೂ ಯಾಕಜ್ಜಿ ಎಲ್ಲರೂ ಅವಳನ್ನ ಹಾಗೆ ನೋಡ್ತಾನೇ ಇರ್ತಾರೆ?’

‘ನೋಡೋದು ಬಿಟ್ಟು ಜನಕ್ಕೆ ಬೇರೆ ಏನು ಕೆಲಸ ಮಗು?’ ಎಂದರು ಅಜ್ಜಿ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: ‘ಅಂದಹಾಗೆ, ಮೂಲೆಮನೆ ಹುಡುಗ ಈಗ ಹೇಗಿದ್ದಾನೋ?’

ಮೂಲೆಮನೆಯ ಹುಡುಗ ಹತ್ತನೆಯ ತರಗತಿಯವರೆಗೆ ಇವನ ಜೊತೆಗೇ ಓದಿದವನು. ನಮ್ಮ ಬೀದಿಯ ಜಾಣ. ಪಿಯುಸಿಗೆ ಊರಾಚೆಯ ಹಾಸ್ಟೆಲಿಗೆ ಸೇರಿಸಿದ್ದರು. ಬೆಳಿಗ್ಗೆ ಐದಕ್ಕೆ ಗಂಟೆ, ರಾತ್ರಿ ಹನ್ನೊಂದಕ್ಕೆ ದೀಪ, ಭಾನುವಾರ ಪರೀಕ್ಷೆ. ಎರಡನೆಯ ವರ್ಷದ ನಡುವೆಯೇ ತಂದೆ ಹೋಗಿ ಕರೆದುಕೊಂಡು ಬಂದರು. ಜ್ವರ ಎಂದರು ಮೊದಲು. ಜ್ವರಕ್ಕೆ ತಿಂಗಳುಗಟ್ಟಲೆ ಮಾತ್ರೆ ಯಾರು ಕೊಡುತ್ತಾರೆ? ಈಗ ಮಾತ್ರೆಯೂ ಕಡಿಮೆಯಾಗಿದೆ, ಹುಡುಗ ಚೇತರಿಸಿಕೊಂಡಿದ್ದಾನೆ ಎಂದು ಅವನ ತಾಯಿ ಹಾಲಿನ ಬೂತಿನಲ್ಲಿ ನನಗೆ ಹೇಳಿದ್ದರು. ಆದರೆ ಅವನು ಗೇಟಿನ ಹತ್ತಿರ ಬಂದು ನಿಂತರೆ ಎದುರು ಮನೆಗಳ ಕಿಟಕಿಯಲ್ಲಿ ತಲೆಗಳು ಕಾಣುತ್ತವೆ.

ಮಗ ಉತ್ತರ ಕೊಡಲಿಲ್ಲ. ಆ ದಿನದ ಓದು ಮುಗಿಸಿ, ಅಟ್ಟದ ಮೇಲಿನ ಕೇರಂ ಬೋರ್ಡು ಇಳಿಸಿ, ಧೂಳು ಒರೆಸಿ, ತಲೆಯ ಮೇಲೆ ಹೊತ್ತುಕೊಂಡು ಮೂಲೆಮನೆಗೆ ಹೋದ. ಅರ್ಧ ಗಂಟೆಯಲ್ಲೇ ಹಿಂದೆ ಬಂದ. ಆ ಹುಡುಗ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಮಾರನೆಯ ದಿನ ಮತ್ತೆ ಹೋದ. ಬಂದನಂತೆ, ಆಡಲಿಲ್ಲವಂತೆ. ಮೂರನೆಯ ದಿನ ಬಂದವನು ಬೋರಿಕ್ ಪೌಡರ್ ಮುಗಿದಿದೆ ಎಂದು ಅಜ್ಜಿಯ ಮುಖದ ಪೌಡರ್ ಡಬ್ಬಿಯನ್ನೇ ಎತ್ತಿಕೊಂಡು ಓಡಿದ. ಆಗ ತಿಳಿಯಿತು, ಆಟ ಶುರುವಾಗಿದೆ ಎಂದು.

ಕಾಲಹರಣದ ಆಟಗಳಲ್ಲಿ ನನಗೆ ಕೇರಂ ಮೇಲೆ ವಿಶೇಷ ಗೌರವ. ಚದುರಂಗ ಆಟವಲ್ಲ, ಅದೂ ಒಂದು ಪರೀಕ್ಷೆಯೇ. ಕ್ರಿಕೆಟ್ಟಿಗೆ ಹತ್ತು ಜನ ಬೇಕು, ಆ ಹತ್ತು ಜನಕ್ಕೂ ಹತ್ತು ಪ್ರಶ್ನೆ ಇರುತ್ತದೆ. ಕೇರಂನಲ್ಲಿ ಇಬ್ಬರ ಕಣ್ಣೂ ಬೋರ್ಡಿನ ಮೇಲೆಯೇ ಇರುತ್ತದೆ, ಮುಖ ಮುಖ ನೋಡಬೇಕಿಲ್ಲ. ಮಾತು ಬಂದರೆ ಆಡಬಹುದು, ಬಾರದಿದ್ದರೆ ಕಾಯಿನ್ ಸದ್ದೇ ಸಾಕು. ಇಬ್ಬರು ಏನು ಮಾತಾಡಿಕೊಂಡರೋ ನಾನು ಕೇಳಲು ಹೋಗಲಿಲ್ಲ. ನಮ್ಮ ಯಜಮಾನರು ಒಮ್ಮೆ ‘ಅಲ್ಲಿ ಹೋಗಿ ಇವನೂ...’ ಎಂದು ಬಾಯಿ ತೆರೆದರು. ಅತ್ತೆ ಹಸಿರು ಬಟ್ಟೆ ಕಟ್ಟಿದ ಕಣ್ಣನ್ನು ಅವರ ಕಡೆ ತಿರುಗಿಸಿದರು. ಮಾತು ಅಲ್ಲಿಗೇ ನಿಂತಿತು.

ಮೂರು ವಾರದ ಮೇಲೆ ಆಟ ನಮ್ಮ ಜಗುಲಿಗೆ ಬಂತು. ಬೀದಿಗೆ ಕಾಣುವ ಹಾಗೆಯೇ ಕೂತು ಆಡುತ್ತಾರೆ. ಅಜ್ಜಿ ಒಳಗಿನಿಂದ ಪದಬಂಧದ ಸುಳಿವು ಓದಿಸುತ್ತಾರೆ. ನಮ್ಮವನಿಗೆ ಗೊತ್ತಿಲ್ಲದ ಶಬ್ದಗಳಿಗೆ ಮೂಲೆಮನೆಯವನು ಮೆಲ್ಲಗೆ ಉತ್ತರ ಹೇಳುತ್ತಾನೆ.

ಹೊಸ ಕನ್ನಡಕ ಬಂದಿದೆ. ‘ಶರಪಂಜರ’ದ ಕೊನೆಯ ಭಾಗವನ್ನು ಅತ್ತೆ ತಾವೇ ಓದಿಕೊಂಡರು. ಮೊಮ್ಮಗನ ನೌಕರಿ ಹೋಯಿತು, ಐಸ್‌ಕ್ರೀಂ ಮಾತ್ರ ನಡೆಯುತ್ತಿದೆ. ‘ಕರ್ವಾಲೊ’ವನ್ನು ಮೂಲೆಮನೆಯವನು ಒಯ್ದಿದ್ದ. ಮೊನ್ನೆ ತಂದುಕೊಟ್ಟ. ಹಾಳೆಯ ಮೂಲೆ ಐದಾರು ಕಡೆ ಮಡಿಚಿತ್ತು. ಪುಸ್ತಕದ ಹಾಳೆ ಮಡಿಚುವವರನ್ನು ಕಂಡರೆ ಅತ್ತೆಗೆ ಆಗದು. ‘ಎಲ್ಲಿ ನಿಲ್ಲಿಸಿದೆ ಅಂತ ನೆನಪಿಟ್ಟುಕೊಳ್ಳೋಕೆ ಆಗಲ್ವೇನೋ? ಹೋಗಲಿ, ಓತಿ ಹಾರಿಹೋದದ್ದು ಸರಿಯೋ ತಪ್ಪೋ, ಅದನ್ನು ಹೇಳು’ ಎಂದು ಗದರಿಸಿಕೊಂಡರು.

‘ಸರಿ ಅಜ್ಜಿ’ ಎಂದ ಹುಡುಗ.

‘ನಿಮ್ಮ ಕಾಲದವರಿಗೆ ಬುದ್ಧಿಯಿಲ್ಲ’ ಎಂದು ಅತ್ತೆ ಅವನ ಕೈಗೆ ಇನ್ನೊಂದು ಪುಸ್ತಕ ಕೊಟ್ಟರು.