ಅರ್ಧಕ್ಕೆ ನಿಂತ ಕಡತ

ನನ್ನ ಕಚೇರಿಯ ಕಪಾಟಿನ ಕೆಳಗಿನ ಅರೆಯಲ್ಲಿ ಇಪ್ಪತ್ತು ವರ್ಷಗಳಿಂದ ಒಂದು ಕಡತ ಬಿದ್ದಿದೆ. ಅದು ಕಕ್ಷಿಗಾರರ ವ್ಯಾಜ್ಯವಲ್ಲ. ನಾನೇ ಅರ್ಧಕ್ಕೆ ಬಿಟ್ಟ ಎಲ್‌ಎಲ್‌ಎಂ ಪ್ರಬಂಧ. ಎಲ್‌ಎಲ್‌ಬಿ ಮುಗಿಸಿ ವಕೀಲಿಕೆ ಆರಂಭಿಸಿದ ಬಳಿಕ ಸ್ನಾತಕೋತ್ತರ ಪದವಿಗೆ ಸೇರಿದ್ದೆ. ಪರೀಕ್ಷೆಗಳೆಲ್ಲ ತೇರ್ಗಡೆಯಾದವು, ಪ್ರಬಂಧವನ್ನು ಮಾತ್ರ ಒಪ್ಪಿಸಲಾಗಲಿಲ್ಲ. ಇಂದಿಗೂ ನನ್ನ ಹೆಸರಿನ ಮುಂದಿರುವುದು ಎಲ್‌ಎಲ್‌ಬಿ ಒಂದೇ.

ಕೇಳಿದವರಿಗೆ ಕೆಲಸದ ಒತ್ತಡವೆಂದು ಹೇಳುತ್ತಿದ್ದೆ. ಮನಸ್ಸಿನೊಳಗೆ ನಂಬಿದ್ದ ಕಾರಣ ಬೇರೆಯಾಗಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಇಂಗ್ಲಿಷಿನಲ್ಲಿ ನೂರೈವತ್ತು ಪುಟ ಬರೆಯುವುದು ಆಗುವ ಮಾತಲ್ಲವೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಆ ತೀರ್ಪನ್ನು ನಂಬಿ ನನ್ನ ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆ. ಊರಿನ ಕನ್ನಡ ಶಾಲೆಯ ವಾರ್ಷಿಕೋತ್ಸವದಲ್ಲಿ ಮಾತೃಭಾಷಾ ಶಿಕ್ಷಣದ ಹಿರಿಮೆಯ ಬಗ್ಗೆ ಭಾಷಣವನ್ನೂ ಮಾಡಿದೆ. ವೇದಿಕೆಯ ಮೇಲೆ ಒಂದು ಮಾತು, ಮನೆಯೊಳಗೆ ಇನ್ನೊಂದು. ಈ ಪತ್ರಿಕೆಯ ಓದುಗರ ಮುಂದೆ ಅದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ.

ಕಳೆದ ವರ್ಷ ತಂಗಿಯ ಮಗಳು ತನ್ನ ಕನ್ನಡ ಎಂಎ ಪ್ರಬಂಧದ ಪ್ರಸ್ತಾವನೆಯನ್ನು ಹಿಡಿದುಕೊಂಡು ಮನೆಗೆ ಬಂದಳು. ಅವಳು ಓದಿದ್ದು ನಾನು ಓದಿದ ಶಾಲೆಯಲ್ಲೇ. ವಿಷಯ: ‘ಕಾಸರಗೋಡಿನ ಕನ್ನಡ: ಭಾಷೆ, ಸಾಹಿತ್ಯ, ಸಂಸ್ಕೃತಿ ಮತ್ತು ಸಮಾಜ’. ಒಪ್ಪಿಸಲು ಐದು ತಿಂಗಳಿತ್ತು. “ಮಾವ, ಇದು ತುಂಬ ವಿಸ್ತಾರವಾಯಿತು ಎನ್ನುತ್ತಾರೆ ಮಾರ್ಗದರ್ಶಕರು. ಆದರೆ ಯಾವುದನ್ನು ಬಿಡಲಿ? ಎಲ್ಲವೂ ಮುಖ್ಯವೇ ಅಲ್ಲವೇ?” ಎಂದಳು.

ಆ ರಾತ್ರಿ ನನ್ನ ಹಳೆಯ ಕಡತವನ್ನು ಬಿಚ್ಚಿದೆ. ‘ಭಾರತದಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳು’ ಎಂಬುದು ನನ್ನ ವಿಷಯ. ಸಂವಿಧಾನದ 29 ಮತ್ತು 30ನೆಯ ವಿಧಿಗಳು. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ಮತ್ತು 350ಬಿ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿರಿಸಿ ನಿರ್ಣಯಿಸಬೇಕೆಂದು ಹನ್ನೊಂದು ನ್ಯಾಯಾಧೀಶರ ಪೀಠ ಹೇಳಿದ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು. ಎಲ್ಲದರ ಟಿಪ್ಪಣಿಯೂ ಇತ್ತು, ಇಂಗ್ಲಿಷೂ ನಾನು ನೆನೆದುಕೊಂಡಿದ್ದಷ್ಟು ಕೆಟ್ಟದಾಗಿರಲಿಲ್ಲ. ಇಲ್ಲದಿದ್ದುದು ಒಂದೇ, ಪ್ರಶ್ನೆ. ಇನ್ನೂರು ಪುಟಗಳ ಟಿಪ್ಪಣಿಯಲ್ಲಿ ನಾನು ಏನನ್ನು ತಿಳಿಯಹೊರಟಿದ್ದೆನೆಂಬುದು ಎಲ್ಲಿಯೂ ಬರೆದಿರಲಿಲ್ಲ.

ಸಿವಿಲ್ ವ್ಯಾಜ್ಯವೊಂದು ವಿಚಾರಣೆಗೆ ಬರುವ ಮೊದಲು ನ್ಯಾಯಾಲಯವು ವಾದಾಂಶಗಳನ್ನು ಗೊತ್ತುಪಡಿಸುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೆಯ ಆದೇಶ ಇರುವುದೇ ಅದಕ್ಕೆ. ಒಬ್ಬರು ಹೌದೆನ್ನುವ, ಇನ್ನೊಬ್ಬರು ಅಲ್ಲವೆನ್ನುವ ಸಂಗತಿ ಯಾವುದೋ ಅದೇ ವಾದಾಂಶ. ಅದು ಸ್ಪಷ್ಟವಾದ ಮೇಲೆಯೇ ಸಾಕ್ಷ್ಯ. ದಿನವೂ ಇದನ್ನೇ ಮಾಡುವ ನಾನು, ನನ್ನ ಪ್ರಬಂಧದಲ್ಲಿ ವಾದಾಂಶವಿಲ್ಲದೆಯೇ ಸಾಕ್ಷ್ಯ ಕಲೆಹಾಕಲು ಹೊರಟಿದ್ದೆ.

ಮರುದಿನ ಅವಳ ಮುಂದೆ ನಮ್ಮ ತಂದೆಯವರ ಕಾಲದ ಕೆಲವು ದಸ್ತಾವೇಜುಗಳನ್ನಿಟ್ಟೆ. ಅದಕ್ಕೊಂದು ಕಾರಣವಿತ್ತು. ಮೂರು ವರ್ಷಗಳ ಹಿಂದೆ ಒಬ್ಬ ಕಕ್ಷಿಗಾರರು ತಮ್ಮ ಅಜ್ಜನ ಕನ್ನಡ ದಸ್ತಾವೇಜನ್ನು ತಂದಿದ್ದರು. ಅದರ ಭಾಷಾಂತರದಲ್ಲಿ ‘ಕುಮ್ಕಿ’ ಎಂಬ ಪದ ‘ಪಾಳುಭೂಮಿ’ ಎಂದಾಗಿತ್ತು. ಕುಮ್ಕಿಯೆಂದರೆ ಪಾಳಲ್ಲ; ಸಾಗುವಳಿಯ ವರ್ಗಭೂಮಿಗೆ ತಾಗಿ ನೂರು ಗಜದೊಳಗಿನ ಸರಕಾರಿ ಜಾಗ, ಸೊಪ್ಪು ಸೌದೆಗಳಿಗೆ ವರ್ಗದಾರನಿಗೆ ಸವಲತ್ತಿರುವಂಥದ್ದು. ಒಂದು ಪದ ತಪ್ಪಿದ್ದಕ್ಕೆ ಒಂದು ಕುಟುಂಬದ ಸವಲತ್ತೇ ಕಾಗದದಿಂದ ಮಾಯವಾಗುವುದರಲ್ಲಿತ್ತು. ಅದನ್ನು ಸರಿಪಡಿಸಲು ಎಂಟು ತಿಂಗಳು ಹಿಡಿಯಿತು.

ದಸ್ತಾವೇಜುಗಳನ್ನು ಓದುತ್ತ ಓದುತ್ತ ಅವಳ ಕಣ್ಣು ಅರಳಿತು. ಬೈಲು, ಮಜಲು, ಬೆಟ್ಟು, ಮೂಲಗೇಣಿ, ಚಾಲಗೇಣಿ, ಅಡವು. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆಯನ್ನೇ ನೆಚ್ಚಿದ್ದು ಬೆಟ್ಟು. ಒಂದು ವಾರದ ಬಳಿಕ ಅವಳೇ ಪ್ರಶ್ನೆಯನ್ನು ಬರೆದು ತಂದಳು: ‘1940ರಿಂದ 1980ರವರೆಗಿನ ಅವಧಿಯಲ್ಲಿ, ನಮ್ಮ ಗ್ರಾಮದ ದಸ್ತಾವೇಜುಗಳಲ್ಲಿ ಭೂಮಿಯನ್ನು ವರ್ಣಿಸುವ ಪದಗಳ ಪೈಕಿ ಯಾವುವು ಉಳಿದವು, ಯಾವುವು ಹೋದವು, ಏಕೆ?’ 1956ರ ನವೆಂಬರ್ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದುದು ಆ ಅವಧಿಯ ನಡುವಿಗೇ ಬರುತ್ತದೆ.

ಅಲ್ಲಿಂದ ಮುಂದೆ ಯೋಜನೆ. ಒಪ್ಪಿಸುವ ದಿನದಿಂದ ಹಿಂದಕ್ಕೆ ಎಣಿಸಿದೆವು. ಕೊನೆಯ ಮೂರು ವಾರ ತಿದ್ದುಪಡಿ ಮತ್ತು ಮುದ್ರಣಕ್ಕೆ, ಅದರ ಹಿಂದಿನ ಎರಡು ತಿಂಗಳು ಬರವಣಿಗೆಗೆ, ಉಳಿದುದು ಓದಿಗೆ. ಪ್ರತಿಯೊಂದು ದಸ್ತಾವೇಜಿಗೂ ಒಂದು ಕಾರ್ಡು: ತಾರೀಕು, ಎಲ್ಲಿ ದೊರೆಯಿತು, ಯಾವ ಪದ ಯಾವ ಸಾಲಿನಲ್ಲಿದೆ. ಕಕ್ಷಿದಾರರ ಹೆಸರುಗಳನ್ನು ಪ್ರಬಂಧದಲ್ಲಿ ತರಕೂಡದು. ಪುಸ್ತಕದಿಂದ ಒಂದು ವಾಕ್ಯವನ್ನು ಬರೆದುಕೊಂಡರೂ ಆಗಲೇ ಉದ್ಧರಣ ಚಿಹ್ನೆ, ಪುಟಸಂಖ್ಯೆ. ಆಮೇಲೆ ನೋಡೋಣವೆಂದರೆ ಯಾವುದು ತನ್ನ ಮಾತು, ಯಾವುದು ಪರರದೆಂದು ತಾನೇ ಮರೆಯುವುದುಂಟು. ಬರೆಯುವಾಗ ಮೊದಲು ದಸ್ತಾವೇಜುಗಳ ಅಧ್ಯಾಯ, ಎಲ್ಲಕ್ಕಿಂತ ಕೊನೆಗೆ ಪೀಠಿಕೆ. ನಾನು ಪೀಠಿಕೆಯನ್ನೇ ನಾಲ್ಕು ಸಲ ಬರೆದು ಅಲ್ಲಿಯೇ ನಿಂತವನು.

ಎಲ್ಲವೂ ಸುಗಮವಾಗಿ ನಡೆಯಲಿಲ್ಲ. ಮೂವತ್ತೆಂಟು ದಸ್ತಾವೇಜುಗಳನ್ನು ಓದಿಯಾದ ಮೇಲೆ ಒಂದು ಮನೆಯವರು, ಪಾಲಿನ ತಕರಾರು ಎದ್ದಿತೆಂದು, ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಒಂಬತ್ತು ದಸ್ತಾವೇಜುಗಳು ಹೋದವು. “ಹೆಸರು ಹಾಕದೆ ಬಳಸಿದರೆ ಯಾರಿಗೆ ತಿಳಿಯುತ್ತದೆ ಮಾವ?” ಎಂದು ಅತ್ತಳು. ಬೇಡವೆಂದೆ. ಸಾಕ್ಷ್ಯ ಕಡಿಮೆಯಾದರೆ ವಾದವನ್ನು ಕಿರಿದಾಗಿಸಬೇಕು, ಬೇರೆ ದಾರಿಯಿಲ್ಲ. ಒಂದು ಅಧ್ಯಾಯ ಕಿರಿದಾಯಿತು. ಅವಳು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಕೊನೆಗೆ ತೊಂಬತ್ತೆರಡು ಪುಟಗಳಾದವು. ಅವಳು ಕಂಡುಕೊಂಡದ್ದು ಇಷ್ಟು: ನೋಡಿದ ದಸ್ತಾವೇಜುಗಳಲ್ಲಿ ಬರವಣಿಗೆ ಕನ್ನಡದಿಂದ ಮಲಯಾಳಕ್ಕೆ ತಿರುಗಿದ ಮೇಲೂ ಬೈಲು, ಮಜಲುಗಳು ಮಲಯಾಳ ಲಿಪಿಯಲ್ಲಿಯೇ ಉಳಿದುಕೊಂಡವು, ಏಕೆಂದರೆ ಗದ್ದೆಯೂ ಅದರ ಹೆಸರೂ ಅಲ್ಲಿಯೇ ಇದ್ದವು. ಮೂಲಗೇಣಿ, ಚಾಲಗೇಣಿಗಳು ಮಾತ್ರ ಹೋದವು. ಅದಕ್ಕೆ ಕಾರಣ ಭಾಷೆಯ ಬದಲಾವಣೆಯಲ್ಲ. ಭೂಸುಧಾರಣಾ ಕಾನೂನಿನಂತೆ 1970ರ ಜನವರಿ 1ರಂದು ಗೇಣಿಭೂಮಿಯ ಮೇಲಿನ ಧಣಿಗಳ ಹಕ್ಕು ಸರಕಾರಕ್ಕೆ ಸೇರಿತು. ಗೇಣಿಯೇ ಇಲ್ಲವಾದಾಗ ಪದಕ್ಕೆ ಕೆಲಸವಿಲ್ಲ. ಗಡಿಯೊಂದೇ ಎಲ್ಲವನ್ನೂ ನುಂಗಿತೆಂದು ಭಾಷಣ ಮಾಡುತ್ತಿದ್ದ ನನಗೆ ಇದು ಹೊಸ ಪಾಠ.

ಮೌಖಿಕ ಪರೀಕ್ಷೆಯಲ್ಲಿ ಅವಳಿಗೆ ಬಂದ ಮೊದಲ ಪ್ರಶ್ನೆ, “ಇಡೀ ಕಾಸರಗೋಡಿಗೆ ಇಪ್ಪತ್ತೊಂಬತ್ತು ದಸ್ತಾವೇಜುಗಳು ಸಾಕೇ?” ಎಂದು. “ಸಾಲವು. ಇಡೀ ಕಾಸರಗೋಡಿನ ಬಗ್ಗೆ ನಾನು ಏನನ್ನೂ ಹೇಳಿಲ್ಲ ಸರ್, ಒಂದು ಗ್ರಾಮದ ಬಗ್ಗೆ ಮಾತ್ರ ಹೇಳಿದ್ದೇನೆ” ಎಂದಳಂತೆ. ಪಾಟಿಸವಾಲಿನಲ್ಲಿ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ನನ್ನ ಸಾಕ್ಷಿಗಳಿಂದ ನಾನು ಕೇಳಿದ್ದು ಕಡಿಮೆ.

ಪ್ರಬಂಧದ ಪ್ರತಿ ಮನೆಗೆ ಬಂದ ದಿನ ಮಗ ಅದನ್ನು ಕೈಗೆತ್ತಿಕೊಂಡ. ಅವನಿಗೆ ಹದಿನೇಳು ವರ್ಷ. ಕನ್ನಡದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಮೊದಲ ಪುಟವನ್ನು ಓದಲು ಅವನಿಗೆ ಕಾಲು ಗಂಟೆ ಬೇಕಾಯಿತು. ಅನುಬಂಧದಲ್ಲಿದ್ದ ಅವನ ಅಜ್ಜನ ದಸ್ತಾವೇಜಿನ ಪ್ರತಿಯನ್ನು ಓದಲಾಗದೆ ಮಡಿಸಿಟ್ಟ. ತಪ್ಪು ಅವನದಲ್ಲ. ನಾನು ಸಾಕ್ಷ್ಯವಿಲ್ಲದೆ ಕೊಟ್ಟ ತೀರ್ಪಿನ ಜಾರಿ ಅವನ ಮೇಲೆ ನಡೆದಿತ್ತು. ಈಗ ಭಾನುವಾರಗಳಂದು ಅತ್ತೆಯ ಮಗಳ ಬಳಿ ಕುಳಿತು ಓದಲು ಕಲಿಯುತ್ತಿದ್ದಾನೆ, ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತಾನೆ.

ನನ್ನ ಕಡತ ಈಗ ಮೇಜಿನ ಮೇಲಿದೆ. ಮತ್ತೆ ನೋಂದಣಿಗೆ ಅವಕಾಶವಿದೆಯೇ ಎಂದು ವಿಚಾರಿಸಿ ಪತ್ರ ಬರೆದಿದ್ದೇನೆ. ಹಳೆಯ ಶೀರ್ಷಿಕೆಯನ್ನು ಹೊಡೆದುಹಾಕಿ ಮೊದಲ ಪುಟದಲ್ಲಿ ಒಂದೇ ಪ್ರಶ್ನೆಯನ್ನು ಬರೆದುಕೊಂಡಿದ್ದೇನೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ. ಕನ್ನಡ ತಿಳಿಯದ ಶಿಕ್ಷಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕಗೊಂಡಾಗ, ‘ಪ್ರಯತ್ನ’ವೆಂಬ ಆ ಒಂದು ಪದವನ್ನು ಹಿಡಿದು ಒಂದು ಮಗು ನ್ಯಾಯಾಲಯದಿಂದ ಏನನ್ನು ಕೇಳಬಹುದು?