ಪದವಿ ಮುಗಿದ ಮೇಲಿನ ಲೆಕ್ಕ

ಪದವಿ ಮುಗಿಸಿದವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಓದಿದ್ದು ಎಷ್ಟು ಉಪಯೋಗಕ್ಕೆ ಬಂತು ಎಂದು ಕಾಲೇಜು ಕೇಳಿ ತಿಳಿದುಕೊಳ್ಳುವುದೇ ಹಳೆಯ ವಿದ್ಯಾರ್ಥಿಗಳ ಸಮೀಕ್ಷೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರ ಲೆಕ್ಕ ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಅದೇ ಮಕ್ಕಳು ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿ ಏನಾದರು ಎಂಬ ಲೆಕ್ಕ ಹಾಗೆ ಸಿಗುವುದಿಲ್ಲ. ಮಾರ್ಕ್ಸ್ ಕಾರ್ಡು, ಟಿ.ಸಿ. ಕೈಗೆ ಬಂದ ದಿನವೇ ಕಾಲೇಜಿಗೂ ವಿದ್ಯಾರ್ಥಿಗೂ ನಡುವಿನ ಕಾಗದದ ನಂಟು ಮುಗಿಯುತ್ತದೆ.

ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಇಲ್ಲಿಯ ಕಾಲೇಜುಗಳಲ್ಲಿ ಓದಿದವರ ಪದವಿ ಪತ್ರದ ಮೇಲಿರುವುದು ಬೆಂಗಳೂರು ವಿಶ್ವವಿದ್ಯಾಲಯದ ಹೆಸರು. ಎರಡೂ ಕಾಲದವರನ್ನು ಒಂದೇ ಪಟ್ಟಿಯಲ್ಲಿ ಕೂಡಿಸಬಲ್ಲದ್ದು ಅವರು ಓದಿದ ಕಾಲೇಜೇ.

ಕಾಲೇಜಿಗೆ ಈ ಸಮೀಕ್ಷೆಯ ಅಗತ್ಯ ನೇರವಾದದ್ದು. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕಚೇರಿಯಿರುವ, ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ ನ್ಯಾಕ್ ಮೌಲ್ಯಮಾಪನಕ್ಕೆ ಬಳಸುತ್ತ ಬಂದ ಏಳು ಮಾನದಂಡಗಳಲ್ಲಿ ಪಠ್ಯಕ್ರಮದ ಬಗ್ಗೆ ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯವೂ ಸೇರಿದೆ. ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಿದರು ಎಂಬುದೂ ಸೇರಿದೆ. ಆದರೆ ಸಮೀಕ್ಷೆಯ ಬೆಲೆ ನ್ಯಾಕ್ ಅಂಕದಲ್ಲೇ ಮುಗಿಯುವುದಿಲ್ಲ. ಪಾವಗಡದ ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಪಕ್ಕದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರಿಗೆ ಅಲ್ಲಿ ಕೆಲಸ ದಕ್ಕಿತೇ, ದಕ್ಕದಿದ್ದರೆ ಯಾವ ಕಲಿಕೆ ಕಡಿಮೆಯಾಯಿತು? ಇದಕ್ಕೆ ಉತ್ತರ ಕೊಡಬಲ್ಲವರು ಆ ಪದವೀಧರರು ಮಾತ್ರ.

ಸಮೀಕ್ಷೆ ಸೋಲುವುದು ಒಂದು ಸಂಕೋಚದಿಂದ. ಬೆಂಗಳೂರಿನ ಕಂಪನಿಯಲ್ಲೋ ಸರ್ಕಾರಿ ಕಚೇರಿಯಲ್ಲೋ ಇರುವವರು ಉತ್ಸಾಹದಿಂದ ಉತ್ತರಿಸುತ್ತಾರೆ. ಕೆಎಎಸ್, ಪಿಡಿಒ ಪರೀಕ್ಷೆಗಳಿಗೆ ವರ್ಷಗಟ್ಟಲೆ ಓದುತ್ತಿರುವವರು, ಕಡಲೆಕಾಯಿ ಹೊಲಕ್ಕೆ ಮರಳಿದವರು, ಮದುವೆಯಾಗಿ ಓದಿಗೆ ಸಂಬಂಧವಿಲ್ಲದ ಬದುಕಿಗೆ ಹೋದ ಹೆಣ್ಣುಮಕ್ಕಳು 'ನಮ್ಮದೇನಿದೆ ಹೇಳೋಕೆ' ಎಂದು ಫಾರಂ ಬಿಟ್ಟುಬಿಡುತ್ತಾರೆ. ಆಗ ಎಲ್ಲರಿಗೂ ಕೆಲಸ ಸಿಕ್ಕಿದೆ ಎಂದು ಪಟ್ಟಿ ಸುಳ್ಳು ಹೇಳತೊಡಗುತ್ತದೆ. ರಾಜ್ಯ ಸರ್ಕಾರದ ಯುವನಿಧಿಯಲ್ಲಿ ಇದರ ತಿರುವುಮುರುವು: ಓದು ಮುಗಿದು 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯೋಜನೆ ಅದು. ಕೆಲಸ ಸಿಕ್ಕವರ ಕಥೆ ಅದರಲ್ಲಿ ದಾಖಲಾಗುವುದಿಲ್ಲ. ಎರಡೂ ಬಗೆಯವರನ್ನು ಒಟ್ಟಿಗೆ ಕಾಣಿಸಬಲ್ಲದ್ದು ಹಳೆಯ ವಿದ್ಯಾರ್ಥಿಗಳ ಸಮೀಕ್ಷೆ.

ಕಾಲೇಜುಗಳ ಕೆಲಸವೂ ಇದೆ. ಪ್ರಶ್ನೆಗಳು ಕನ್ನಡದಲ್ಲಿರಬೇಕು, ಹತ್ತು ನಿಮಿಷದಲ್ಲಿ ಮುಗಿಯಬೇಕು, ಸಂಬಳ ಹೇಳಲು ಬಲವಂತ ಇರಬಾರದು. ಫೋನ್ ನಂಬರ್ ಬೇರೆ ಯಾರ ಕೈಗೂ ಹೋಗಬಾರದು. ಉತ್ತರಗಳಿಂದ ಏನು ಬದಲಾಯಿತು ಎಂಬುದನ್ನು ಉತ್ತರಿಸಿದವರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಮುಂದಿನ ಸಲ ಯಾರೂ ಬರೆಯುವುದಿಲ್ಲ.

ಪದವೀಧರರು ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಫಾರಂ ಅನ್ನು ಅಂದೇ ತುಂಬಲಿ. ಕೆಲಸ ಇಲ್ಲದವರು ಇಲ್ಲವೆಂದೇ ಬರೆಯಲಿ; ಅವರ ಉತ್ತರವೇ ಮುಂದಿನ ತಂಡದ ಮಕ್ಕಳಿಗೆ ಹೆಚ್ಚು ಬೇಕಾದದ್ದು.