ಉಗುರಿನಗಲದ ಭೂಪಟ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದರು ನಮ್ಮ ಹಿರಿಯರು. ನಮ್ಮ ಮನೆಯಲ್ಲಿ ದೇಶ ಸುತ್ತಿದವರು ಅಪ್ಪ. ಕುರಿಹಿಂಡಿನ ಬೆನ್ನು ಹತ್ತಿ ಭೀಮೆಯ ದಂಡೆಯಿಂದ ಕೃಷ್ಣೆಯ ದಂಡೆಯವರೆಗೆ ಅವರು ತುಳಿಯದ ನೆಲವಿಲ್ಲ. ಕೋಶ ಓದುವ ಪಾಳಿ ನನಗೆ ಬಂದಿತು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಎರಡು ವಿದ್ಯೆಗಳು ಕಳೆದ ಚಳಿಗಾಲದಲ್ಲಿ ಒಂದು ಪುಟ್ಟ ಯಂತ್ರದ ಮುಂದೆ ಎದುರುಬದುರಾದುವು. ಆ ಸಂಗತಿಯನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಯಾದಗಿರಿ ೨೦೦೯ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಜಿಲ್ಲೆ ಹೊಸದು, ನೆಲ ಮಾತ್ರ ಬಹು ಹಳೆಯದು. ಹುಣಸಗಿಯ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹೊರತೆಗೆದ ಕಲ್ಲಿನ ಆಯುಧಗಳಿಗೆ ಸುಮಾರು ೧೨ ಲಕ್ಷ ವರ್ಷವೆಂದು ವಿದ್ವಾಂಸರು ಅಂದಾಜಿಸಿದ್ದಾರೆ. ರಾಜನಕೋಳೂರಿನ ಶಿಲಾಸಮಾಧಿಗಳನ್ನು ಜನ ಮೋರೇರ ಮನೆಗಳೆನ್ನುತ್ತಾರೆ; ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ೧೮೫೦ರ ದಶಕದಲ್ಲೇ ಅವನ್ನು ಕುರಿತು ಬರೆದನು. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ಇಂಥ ಸಾಲುಗಳ ಮೇಲೆ ಆಲ್ಚಿನ್ ಎಂಬ ಪುರಾತತ್ವಜ್ಞರು ೧೯೫೬ರಲ್ಲಿ ಲೇಖನ ಪ್ರಕಟಿಸಿದರು. ಆ ಸಾಲುಗಳು ಸೂರ್ಯನ ಉದಯಾಸ್ತಗಳ ದಿಕ್ಕನ್ನು ತೋರುತ್ತಿರಬಹುದೆಂದು ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್ ವಾದಿಸಿದ್ದಾರೆ. ಪುಸ್ತಕದಲ್ಲಿ ಹೆಸರು ಬಂದ ಕಲ್ಲುಗಳು ಇವು. ಹೆಸರು ಬಾರದವು ಹೊಲಹೊಲಗಳಲ್ಲಿ ಇನ್ನೆಷ್ಟೋ ಇವೆ. ಅವನ್ನು ಹುಡುಕಿ ಗುರುತು ಹಾಕುವ ಕೆಲಸವನ್ನು ನಮ್ಮ ಇತಿಹಾಸದ ಅಧ್ಯಾಪಕರು ನಾಲ್ವರು ವಿದ್ಯಾರ್ಥಿಗಳಿಗೆ ಒಪ್ಪಿಸಿದರು. ಜೊತೆಗೆ ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಯಂತ್ರವನ್ನೂ ಕೊಟ್ಟರು.

ಜೇಬಿನಲ್ಲಿ ಮೊಬೈಲು ಇರುವಾಗ ಇದೇಕೆ ಎಂದು ಕೇಳುವವರುಂಟು. ನಮ್ಮ ಬಿಸಿಲಿನಲ್ಲಿ ಮೊಬೈಲಿನ ಪರದೆ ಕಾಣದು. ಮಧ್ಯಾಹ್ನದೊಳಗೆ ಅದರ ಉಸಿರೂ ನಿಲ್ಲುತ್ತದೆ. ಈ ಯಂತ್ರ ಎರಡು ಪೆನ್ಸಿಲ್ ಸೆಲ್ಲುಗಳ ಮೇಲೆ ಇಡೀ ದಿನ ದುಡಿಯುತ್ತದೆ, ಧೂಳಿಗೂ ಅಂಜುವುದಿಲ್ಲ. ಸುಮಾರು ೨೦,೦೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕು ಕಂಡರೆ ಸಾಕು, ತಾನೆಲ್ಲಿದ್ದೇನೆಂದು ಹೇಳಿಬಿಡುತ್ತದೆ. ೧೮೧೫ರಲ್ಲಿ ಬೀದರಿನ ಬಳಿ ಆಧಾರರೇಖೆ ಅಳೆದ ಲ್ಯಾಂಬ್ಟನ್ ಸಾಹೇಬನ ಥಿಯೊಡೊಲೈಟ್ ಅರ್ಧ ಟನ್ ತೂಗುತ್ತಿತ್ತಂತೆ. ನಮ್ಮದು ಮುಷ್ಟಿಯಲ್ಲಿ ಅಡಗುತ್ತದೆ.

ಆದರೆ ಹೊಸದಾಗಿ ಕೊಂಡ ಯಂತ್ರ ಹೊಸದಾಗಿ ಬಂದ ಬಾಡಿಗೆದಾರನಂತೆ. ಊರಿನ ಗಂಧವೇ ಅದಕ್ಕಿಲ್ಲ. ಊರನ್ನು ನಾವು ತುಂಬಬೇಕು. ತುಂಬುವ ಪಾತ್ರೆಯೇ ಮೆಮೊರಿ ಕಾರ್ಡು: ೧೫ ಮಿಲಿಮೀಟರು ಉದ್ದ, ೧೧ ಮಿಲಿಮೀಟರು ಅಗಲ, ಅಂದರೆ ಹೆಬ್ಬೆರಳಿನ ಉಗುರಿನಷ್ಟು. ಮೊದಲು ಅದನ್ನು ಕಂಪ್ಯೂಟರಿನಲ್ಲಿ ಎಫ್‌ಎಟಿ-೩೨ ಎಂಬ ಪದ್ಧತಿಯಲ್ಲಿ ಹಸನು ಮಾಡಬೇಕು. ಅದರಲ್ಲಿ ಯಂತ್ರ ತಯಾರಿಸಿದವರ ಹೆಸರಿನದೊಂದು ಕೋಶ ತೆರೆಯಬೇಕು. ಭೂಪಟದ ಕಡತ ಆ ಕೋಶದೊಳಕ್ಕೆ. ಬಿಂದುಗಳ ಕಡತ ಅದರೊಳಗಿನ ಜಿಪಿಎಕ್ಸ್ ಎಂಬ ಮರಿಕೋಶದೊಳಕ್ಕೆ. ಜಾಗ ತಪ್ಪಿ ಇಟ್ಟರೆ ಯಂತ್ರ ಅದನ್ನು ಕಣ್ಣೆತ್ತಿಯೂ ನೋಡದು. ಬಳಿಕ ಸೆಲ್ಲುಗಳನ್ನು ಹೊರತೆಗೆದು, ಅವುಗಳ ಅಡಿಯಲ್ಲಿರುವ ಸಂದಿಯಲ್ಲಿ ಕಾರ್ಡನ್ನು ಮಲಗಿಸಿ, ಮತ್ತೆ ಸೆಲ್ಲು ಹಾಕಬೇಕು.

ಭೂಪಟಕ್ಕಾಗಿ ನಾವು ಕಾಸು ಕೊಡಲಿಲ್ಲ. ಓಪನ್ ಸ್ಟ್ರೀಟ್ ಮ್ಯಾಪ್ ಎಂಬುದೊಂದು ಇಂಗ್ಲೆಂಡಿನಲ್ಲಿ ೨೦೦೪ರಲ್ಲಿ ಆರಂಭವಾಯಿತು. ಲೋಕದ ಜನರೇ ಕೂಡಿ ಬರೆಯುವ ಭೂಪಟವಿದು. ಯಾರೂ ಬಳಸಬಹುದು, ಯಾರೂ ತಿದ್ದಬಹುದು. ಬಿಂದುಗಳ ಕಡತವೂ ಸರಳವಾದುದೇ: ಅಕ್ಷಾಂಶ, ರೇಖಾಂಶ, ಹೆಸರು, ಒಂದು ಷರಾ. ಶಹಾಪುರವೆಂದರೆ ಉತ್ತರಕ್ಕೆ ೧೬.೭, ಪೂರ್ವಕ್ಕೆ ೭೬.೮. ದಶಾಂಶದ ಐದನೆಯ ಸ್ಥಾನದವರೆಗೆ ಬರೆದರೆ ಒಂದು ಮೀಟರಿನ ವ್ಯತ್ಯಾಸವೂ ತಿಳಿಯುತ್ತದೆ. ಯಂತ್ರದ ನಿಖರತೆ ಬಯಲಿನಲ್ಲಿ ಮೂರರಿಂದ ಐದು ಮೀಟರು.

ಇಲ್ಲಿ ಅಧ್ಯಾಪಕರು ಒಂದು ಎಚ್ಚರಿಕೆ ಹೇಳಿದರು. ಸರ್ವೇ ಇಲಾಖೆಯ ಹಳೆಯ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟನು ೧೮೩೦ರಲ್ಲಿ ಹಾಕಿದ ಲೆಕ್ಕವನ್ನು ಆಧರಿಸಿವೆ. ಜಿಪಿಎಸ್ಸಿನ ಲೆಕ್ಕ ಬೇರೆ. ಒಂದರ ಅಂಕಿಗಳನ್ನು ಇನ್ನೊಂದಕ್ಕೆ ಹಾಗೆಯೇ ತುಂಬಿದರೆ ನಮ್ಮ ಭಾಗದಲ್ಲಿ ನೂರು ಮೀಟರಿನ ಆಸುಪಾಸು ಸರಿದು ಹೋಗುತ್ತದೆ. ಊರು ಹುಡುಕುವವನಿಗೆ ನೂರು ಮೀಟರು ಏನೂ ಅಲ್ಲ. ಜೋಳದ ಬೆಳೆಯ ನಡುವೆ ಒಂದು ಕಲ್ಲು ಹುಡುಕುವವನಿಗೆ ಅದು ಪಕ್ಕದವನ ಹೊಲ. ಆದುದರಿಂದ ಎಲ್ಲವನ್ನೂ ಪರಿವರ್ತಿಸಿಯೇ ತುಂಬಿದೆವು.

ಅಂಕಿಯ ತೊಡಕು ಹೀಗೆ ನೀಗಿತು. ಹೆಸರಿನ ತೊಡಕು ನೀಗಲಿಲ್ಲ. ನಮಗೆ ಸಿಕ್ಕ ಯಂತ್ರ ಕನ್ನಡದ ಅಕ್ಷರ ತೋರಿಸದು. ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು. ನಮ್ಮೂರಿನ ಸೀಮೆಯಲ್ಲಿ ಹಾಲಗುಂಡಿ ಒಂದಿದೆ, ಹಾಳಗುಂಡಿ ಒಂದಿದೆ. ಒಂದರ ನೀರು ಬೇಸಗೆಯಲ್ಲೂ ಬತ್ತದು. ಇನ್ನೊಂದರಲ್ಲಿ ಹಂದಿಯೂ ಹೊರಳದು. ಇಂಗ್ಲಿಷ್ ಲಿಪಿಗೆ ಎರಡೂ ಒಂದೇ! ಕೊನೆಗೆ ಯಂತ್ರದಲ್ಲಿ ಬರಿಯ ಸಂಖ್ಯೆ ಹಾಕಿ, ಅದೇ ಸಂಖ್ಯೆಯೆದುರು ನೋಟುಬುಕ್ಕಿನಲ್ಲಿ ಕನ್ನಡದ ಹೆಸರು ಬರೆದೆವು. ದಾರಿ ಯಂತ್ರದ್ದು, ಹೆಸರು ಪುಸ್ತಕದ್ದು.

ಆ ಹೆಸರುಗಳನ್ನು ಹೇಳಿದವರು ಅಪ್ಪ. ಯಂತ್ರ ಹಿಡಿದು ನಾನು ಮುಂದೆ, ಕೋಲು ಹಿಡಿದು ಅವರು ಹಿಂದೆ. ಪರದೆಯ ಮೇಲೆ ನಮ್ಮೂರು ಒಂದು ಚುಕ್ಕಿ, ಕಾಲುವೆ ಒಂದು ನೀಲಿ ಗೆರೆ, ಉಳಿದದ್ದೆಲ್ಲ ಬಿಳಿಯ ಬಯಲು. ಅಪ್ಪ ಬಗ್ಗಿ ನೋಡಿ, “ಇದಕ್ಕ ದಾರಿ ಗೊತ್ತದ ಖರೆ, ಊರು ಗೊತ್ತಿಲ್ಲ” ಎಂದರು. ಆಮೇಲೆ ಆ ಬಿಳಿಯ ಬಯಲನ್ನು ತಾವೇ ತುಂಬತೊಡಗಿದರು. ಬಾನಿಗಲ್ಲು, ಹುಲಿಕುಂಟಿ, ಸತ್ತಿಗಿಯ ದಿಬ್ಬ: ಹೆಜ್ಜೆಗೊಂದು ಹೆಸರು. ಎರಡು ದಿನಗಳಲ್ಲಿ ೪೧ ಬಿಂದುಗಳಾದುವು. ನಮ್ಮ ಯಂತ್ರ ೨೦೦೦ ಬಿಂದುಗಳನ್ನು ಹಿಡಿಯಬಲ್ಲುದು. ಅಪ್ಪನಂಥ ಹಿರಿಯರು ಹತ್ತು ಮಂದಿ ಸಿಕ್ಕರೆ ಅದೂ ಸಾಲದಾದೀತು.

ಒಂದು ಹೊಲದ ಹೆಸರು ಹದಿನಾರುಗಲ್ಲು. ನಾವು ಎಣಿಸಿದಾಗ ಅಲ್ಲಿದ್ದುವು ಒಂಬತ್ತು. ಉಳಿದುವು ಬದುವಿಗೆ, ಬಾವಿಯ ಕಟ್ಟೆಗೆ, ಮನೆಗಳ ತಳಪಾಯಕ್ಕೆ ಹೋಗಿದ್ದುವು. ಯಾರನ್ನು ದೂರೋಣ? ಅವಕ್ಕೆ ಇತಿಹಾಸವಿದೆಯೆಂದು ಹೊಲದವನಿಗೆ ಯಾರೂ ಹೇಳಿರಲಿಲ್ಲ. ಒಂಬತ್ತಕ್ಕೆ ಗುರುತು ಹಾಕಿ ನಾನು ಹೊರಟೆ. ಅಪ್ಪ ಹೊರಡಲಿಲ್ಲ. ಚಿಕ್ಕಂದಿನಲ್ಲಿ ಅಲ್ಲಿ ಆಡಿದವರು ಅವರು. ಒಂದು ಕಡೆ ಹೋಗಿ ನಿಂತು, “ಇಲ್ಲೊಂದಿತ್ತು” ಎಂದರು. ಮತ್ತೆ ನಡೆದು, “ಇಲ್ಲೊಂದು.” ಹೀಗೆ ಏಳು ಕಡೆ ನಿಂತರು. ನಾನು ಒಂದೊಂದರ ಬಳಿಯೂ ಗುಂಡಿ ಒತ್ತಿದೆ. ಹೆಬ್ಬೆಟ್ಟು ಒತ್ತಿ ಬಾಳಿದ ಮನುಷ್ಯ ಅಂದು ಬರಿಗಾಲಿನಲ್ಲಿ ನಿಂತು ಬರೆಸಿದ್ದು ಚರಿತ್ರೆಯನ್ನೇ ಅಲ್ಲವೆ?

ಇಲ್ಲದ ಕಲ್ಲಿಗೆ ಬಿಂದು ಹಾಕಬಹುದೆ ಎಂದು ಅಧ್ಯಾಪಕರನ್ನು ಕೇಳಿದೆ. ಹಾಕಬಹುದು, ಆದರೆ ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಬಾರದು ಎಂದರು ಅವರು. ಕಣ್ಣಿಗೆ ಕಂಡುವಕ್ಕೆ ಕೆಂಪು ಬಾವುಟ, ಹೇಳಿಕೆಯಿಂದ ತಿಳಿದುವಕ್ಕೆ ನೀಲಿ ಬಾವುಟ ಎಂದು ಗೊತ್ತುಮಾಡಿದೆವು. ಕೆಂಪು ಒಂಬತ್ತು, ನೀಲಿ ಏಳು. ಪರದೆಯ ಮೇಲೆ ನಾಲ್ಕು ಸಾಲುಗಳು ಒಡಮೂಡಿದುವು, ಸಾಲಿಗೆ ನಾಲ್ಕು. ಬರಿಯ ಒಂಬತ್ತರಿಂದ ಆ ಸಾಲುಗಳು ಯಾರಿಗೂ ಹೊಳೆಯುತ್ತಿರಲಿಲ್ಲ.

ಅಪ್ಪನಿಗೀಗ ಎಪ್ಪತ್ತು ಸಮೀಪಿಸಿದೆ. ಮಂಡಿ ನೋವು, ಕುರಿಗಳನ್ನು ಕಳೆದ ವರ್ಷ ಮಾರಿದೆವು. ನನ್ನ ತಮ್ಮನಿಗೆ ಹದಿನಾರುಗಲ್ಲಿನ ದಾರಿ ತಿಳಿಯದು. ನನಗೂ ಆ ಎರಡು ದಿನಗಳಿಂದಲೇ ತಿಳಿದದ್ದು. ಉಗುರಿನಗಲದ ಆ ಕಾರ್ಡನ್ನು ಕೈಯಲ್ಲಿ ಹಿಡಿದಾಗಲೆಲ್ಲ, ಇದನ್ನು ತುಂಬಲು ಐದು ವರ್ಷ ತಡವಾಗಿದ್ದರೆ ಏನು ಉಳಿಯುತ್ತಿತ್ತು ಎಂದು ಯೋಚಿಸುತ್ತೇನೆ.

ಕಾರ್ಡನ್ನೂ ನೋಟುಬುಕ್ಕನ್ನೂ ಇತಿಹಾಸ ವಿಭಾಗದ ಬೀರುವಿನಲ್ಲಿ ಇರಿಸಲಾಗಿದೆ. ಅದನ್ನು ಊರಿಗೆಲ್ಲ ಹಂಚಲಿಲ್ಲ. ನಿಧಿಯ ಆಸೆಗೆ ಹಳೆಯ ಕಲ್ಲುಗಳ ಬುಡ ಅಗೆಯುವವರು ನಮ್ಮ ನಾಡಿನಲ್ಲಿದ್ದಾರೆ. ಕೆಳಗಿನ ತರಗತಿಗಳ ಮಿತ್ರರಲ್ಲಿ ಒಂದೇ ಬಿನ್ನಹ: ರಜೆಗೆ ಊರಿಗೆ ಹೋಗುವಾಗ ಅಧ್ಯಾಪಕರ ಅನುಮತಿ ಪಡೆದು ಯಂತ್ರವನ್ನು ಒಯ್ಯಿರಿ. ಕಾರ್ಡಿನಲ್ಲಿ ಇನ್ನೂ ಬಹಳ ಜಾಗವಿದೆ. ನೋಟುಬುಕ್ಕಿನ ಮುಂದಿನ ಹಾಳೆಯಲ್ಲಿ ೪೨ ಎಂದು ಸಂಖ್ಯೆ ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.